ಸಹಾಯ ಬೇಕು: ಹಳೆಯ ಕಾರಿನ ಲೋವರ್ ಆರ್ಮ್ ಬಿಚ್ಚಲು ಆಗುತ್ತಿಲ್ಲ

ನಮಸ್ಕಾರ. ನಮ್ಮ 18 ವರ್ಷ ಹಳೆಯ ಕಾರಿನ ಮುಂಭಾಗದ ಎಡ ಲೋವರ್ ಆರ್ಮ್‌ನ (ಚಕ್ರದ ಭಾಗವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು) ಬುಷ್ (ತೋಳು ಚೌಕಟ್ಟಿಗೆ ಕೂಡುವಲ್ಲಿನ ರಬ್ಬರ್ ಕೊಳವೆ) ಹರಿದಿದೆ. ಆರ್ಮ್‌ನ ಚಕ್ರದ ಕಡೆಯ ತುದಿಯಲ್ಲಿರುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್‌ನ ರಬ್ಬರ್ ಹೊದಿಕೆ ಬಿರುಕುಬಿಟ್ಟು ಗ್ರೀಸ್ ಹೊರಗೆ ಒಸರಿದೆ. ಎರಡೂ ಬದಿಯ ಆರ್ಮ್‌ಗಳನ್ನು ಮನೆಯಲ್ಲೇ ಬದಲಿಸಲೆಂದು ಕಾರನ್ನು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿದ್ದೇನೆ (ಬರೀ ಜಾಕ್ ನಂಬಿ ಅಡಿಗೆ ಹೋಗುವುದು ತಪ್ಪು). ಆದರೆ ನಕಲ್‌ಗೆ (ಚಕ್ರವನ್ನು ಹೊರುವ ಲೋಹದ ಭಾಗ) ಬಿಗಿದಿದ್ದ ಬೋಲ್ಟ್ ಕಳಚಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟರೂ ಬಾಲ್ ಜಾಯಿಂಟ್‌ನ ಪಿನ್ ಕೂದಲೆಳೆಯಷ್ಟೂ ಜಗ್ಗಿಲ್ಲ. ನಕಲ್‌ನ ಸೀಳಿಗೆ ಉಳಿ ತೂರಿಸಿ ಅಗಲಿಸಿದರೆ ಅದು ಬಿರುಕುಬಿಟ್ಟೀತೆಂಬ ಭಯ ನನ್ನದು. ಡ್ರೈವ್ ಶಾಫ್ಟ್‌ನ (ಚಕ್ರವನ್ನು ತಿರುಗಿಸುವ ದಂಡ) ರಬ್ಬರ್ ಬೂಟಿಗೂ ಏಟಾಗದಂತೆ ಪಿನ್ ಬಿಡಿಸುವ ಕ್ರಮವನ್ನು ಅನುಭವಸ್ಥರು ದಯವಿಟ್ಟು ತಿಳಿಸಿ. ಇನ್ನೊಂದು ಪ್ರಶ್ನೆ: ರಬ್ಬರ್ ತಿರುಚಿಕೊಳ್ಳದಿರಲು ಬುಷ್‌ನ ಬೋಲ್ಟ್‌ಗಳನ್ನು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಪೂರ್ತಿ ಬಿಗಿಯಬೇಕಲ್ಲವೇ, ಆಗ ಟಾರ್ಕ್ ಪಾನಾ (ನಿಗದಿತ ಬಲದಷ್ಟೇ ಬಿಗಿಯುವ ಪಾನಾ) ಆಡಿಸಲು ಜಾಗ ಹೇಗೆ ಮಾಡಿಕೊಳ್ಳುತ್ತೀರಿ?