ಬೈಪಾಸ್ ಆದಮೇಲೆ ಮನೆಯಲ್ಲಿ ನೋಡಿಕೊಳ್ಳೋದು ಹೇಗೆ?

ಅರಸೀಕೆರೆಯವನು
ಅಪ್ಪನಿಗೆ 67. ಓಪನ್ ಹಾರ್ಟ್ ಬೈಪಾಸ್ ಆಗಿದೆ, ಅದಕ್ಕೆ ಎಡಗಾಲಿನಿಂದ ನರ (ರಕ್ತನಾಳ) ತೆಗೆದಿದ್ದಾರೆ. ಶುಗರ್ ಇದೆ. ನಾಳಿದ್ದು ಡಿಸ್ಚಾರ್ಜ್. ಹಗಲು ಹೊತ್ತು ಅಮ್ಮ ಒಬ್ಬರೇ ಇರ್ತಾರೆ. ಮಂಚ ತಗ್ಗು, ಟಾಯ್ಲೆಟ್ ಇಂಡಿಯನ್. ತಿಳಿದವರು ಬಿಡಿಸಿ ಹೇಳಿ.

ಫಿಸಿಯೋ ತುಮಕೂರು
ಮೊದಲು ಎಬ್ಬಿಸೋದನ್ನ ಅಮ್ಮನಿಗೆ ಕಲಿಸಿ, ಮಿಕ್ಕಿದ್ದು ಆಮೇಲೆ. ಎದೆಮೂಳೆಯನ್ನ ಸೀಳಿ ಸ್ಟೀಲ್ ತಂತಿಯಿಂದ ಬಿಗಿದಿರ್ತಾರೆ. ಅದು ಕೂಡಿಕೊಳ್ಳೋಕೆ 6ರಿಂದ 8 ವಾರ ಬೇಕು, ಪೂರ್ತಿ ಗಟ್ಟಿಯಾಗೋಕೆ ಸುಮಾರು 3 ತಿಂಗಳು. ಕೈಯೂರಿ ಎದ್ದರೆ ಅಥವಾ ಯಾರಾದ್ರೂ ಕಂಕುಳಿಗೆ ಕೈ ಹಾಕಿ ಎತ್ತಿದ್ರೆ ಎಳೆತ ನೇರ ಆ ಮೂಳೆ ಮೇಲೇ ಬೀಳುತ್ತೆ.

ಹೀಗೆ ಮಾಡಿಸಿ: ಅಂಗಾತ ಮಲಗಿದ್ದಾಗ ಮಂಡಿ ಮಡಚಲಿ, ಎದೆಗೆ ದಿಂಬು ಅಪ್ಪಿಕೊಳ್ಳಲಿ. ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ಮಗ್ಗುಲಿಗೆ ತಿರುಗಬೇಕು. ಕಾಲನ್ನ ಮಂಚದಿಂದ ಕೆಳಗೆ ಇಳಿಬಿಟ್ಟರೆ ಆ ಭಾರಕ್ಕೇ ಮೈ ಮೇಲೇಳುತ್ತೆ. ಅಮ್ಮ ಬೆನ್ನಿಗೆ ಅಂಗೈ ಕೊಟ್ಟರೆ ಸಾಕು. ಎದ್ದು ಕೂತು ಒಂದು ನಿಮಿಷ ಸುಧಾರಿಸಿಕೊಂಡು ನಿಲ್ಲಲಿ. ಬಿಪಿ ಮಾತ್ರೆಗೆ ತಲೆ ಸುತ್ತುತ್ತೆ.

ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮಂಡಿಗಿಂತ ಸೊಂಟ ತುಸು ಮೇಲಿರಬೇಕು. ತಗ್ಗು ಮಂಚಕ್ಕೆ ನಾಲ್ಕು ಕಾಲಡಿಗೂ ಮರದ ದಿಮ್ಮಿ ಕೊಡಿ, ಇಟ್ಟಿಗೆ ಬೇಡ, ಜಾರುತ್ತೆ. ಇಂಡಿಯನ್ ಟಾಯ್ಲೆಟ್‌ನಲ್ಲಿ ಕುಕ್ಕರಗಾಲಲ್ಲಿ ಕೂತವರು ಏಳುವಾಗ ನಲ್ಲಿ ಹಿಡಿದು ಜಗ್ಗೇ ಜಗ್ಗುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಸಿಗೋ ಕಮೋಡ್ ಸ್ಟೂಲನ್ನ ಮೇಲಿಟ್ಟುಬಿಡಿ, ಕಾಲಿನ ರಬ್ಬರ್ ಬುಷ್ ಸವೆದಿಲ್ಲ ಅಂತ ನೋಡಿ ತಗೊಳ್ಳಿ.

2 ಕೆ.ಜಿ.ಗಿಂತ ಹೆಚ್ಚು ಎತ್ತೋದು ಬೇಡ. ತುಂಬಿದ ಬಕೆಟ್ಟು, ಮೊಮ್ಮಗು, ಅಂಗಡಿ ಶಟರ್ ಎಲ್ಲಾ ಇದರಲ್ಲೇ ಬಂತು. ನಡಿಗೆ 5 ನಿಮಿಷದಿಂದ ಶುರು, ದಿನಕ್ಕೆ 3–4 ಸಲ, ದಿನಾ ಒಂದೊಂದು ನಿಮಿಷ ಏರಿಸಿ. ನಡೀತಾ ಮಾತಾಡೋಕೆ ಆಗ್ತಿಲ್ಲ ಅಂದ್ರೆ ವೇಗ ಜಾಸ್ತಿಯಾಗಿದೆ ಅಂತ. ಊಟ ಆಗಿ ಒಂದು ಗಂಟೆ ಬಿಟ್ಟು ನಡೆಸಿ.

ಅರಸೀಕೆರೆಯವನು
ಉಸಿರಾಟದ ವ್ಯಾಯಾಮಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿದ್ದಾರೆ. ಅಪ್ಪ ಎಷ್ಟು ಊದಿದ್ರೂ ಚೆಂಡು ಏಳ್ತಿಲ್ಲ ಸರ್.

ಫಿಸಿಯೋ ತುಮಕೂರು
ಊದೋದಲ್ಲ, ಎಳನೀರಿನ ಸ್ಟ್ರಾ ಥರ ಒಳಗೆ ಎಳೀಬೇಕು. ನಿಧಾನಕ್ಕೆ ಎಳೆದು ಚೆಂಡನ್ನ 3 ಸೆಕೆಂಡ್ ಮೇಲೇ ನಿಲ್ಲಿಸಲಿ. ಎಚ್ಚರ ಇರೋವಾಗ ಗಂಟೆಗೆ 10 ಸಲ, ತಲೆ ತಿರುಗಿದ್ರೆ ನಿಲ್ಲಿಸಿ. ನೋವಿಗೆ ಹೆದರಿ ಮೇಲುಮೇಲೆ ಉಸಿರಾಡ್ತಾ ಇದ್ರೆ ಶ್ವಾಸಕೋಶದ ತಳಭಾಗ ಮುದುಡುತ್ತೆ, ಕಫ ಕಟ್ಟಿ ನ್ಯುಮೋನಿಯಾಕ್ಕೆ ತಿರುಗುತ್ತೆ. ಕೆಮ್ಮಬೇಕು, ಆದ್ರೆ ಎದೆಗೆ ದಿಂಬು ಒತ್ತಿ ಹಿಡಿದು.

ವಾರ್ಡ್ ಸಿಸ್ಟರ್
ನೋವಿನ ಮಾತ್ರೆ ವಿಷಯ ಯಾರೂ ಹೇಳಿಲ್ಲ. ಮೆಡಿಕಲ್ ಶಾಪಿನವರು ಕೊಟ್ಟರು ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿಸಬೇಡಿ, ಬೈಪಾಸ್ ಆದವರಿಗೆ ಅವು ಅಪಾಯ. ಬರೆದುಕೊಟ್ಟ ಪ್ಯಾರಾಸಿಟಮಾಲನ್ನ ನಡಿಗೆ, ಸ್ಪೈರೋಮೀಟರ್‌ಗೆ ಅರ್ಧ ಗಂಟೆ ಮುಂಚೆ ಕೊಡಿ. ಆಸ್ಪಿರಿನ್, ಮೆಟೊಪ್ರೊಲಾಲ್ (ಬಿಪಿ, ಎದೆಬಡಿತದ ಮಾತ್ರೆ) ಖಾಲಿಯಾಗೋಕೆ ಮುಂಚೆಯೇ ತಂದಿಡಿ, ನೀವಾಗಿ ನಿಲ್ಲಿಸೋ ಹಾಗಿಲ್ಲ. ಟ್ರಮಡಾಲ್ (ಜೋರಾದ ನೋವಿನ ಮಾತ್ರೆ) ಇದ್ರೆ ಮಲಬದ್ಧತೆ ಸಾಮಾನ್ಯ. ತಿಣುಕೋದು ಕೂಡದು, ಮಲ ಸಡಿಲವಾಗೋ ಔಷಧಿಯನ್ನ ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಿ.

ಗಾಯಕ್ಕೆ ಅರಿಶಿನ, ಕೊಬ್ಬರಿಎಣ್ಣೆ, ಪೌಡರ್ ಏನೂ ಬೇಡ. ಸ್ನಾನಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಉಗುರುಬೆಚ್ಚಗಿನ ನೀರು ಹಾಕಿ, ಉಜ್ಜದೆ ಒತ್ತಿ ಒರೆಸಿ. ಶುಗರ್ ಏರಿದ್ರೆ ಗಾಯ ಮಾಯಲ್ಲ, ಅದಕ್ಕೆ ನೋಡೋಕೆ ಬರೋ ನೆಂಟರ ಸ್ವೀಟ್ ಬಾಕ್ಸ್ ಬೇರೆಯವರಿಗೆ. ನರ ತೆಗೆದ ಕಾಲು ಸಂಜೆಗೆ ಊದಿಕೊಳ್ಳೋದು ಸಾಮಾನ್ಯ, ಕೂತಾಗ ಕಾಲನ್ನ ಸ್ಟೂಲ್ ಮೇಲಿಡಲಿ. ಮೀನಖಂಡ ಬಿಸಿಯಾಗಿ, ಒತ್ತಿದರೆ ನೋಯ್ತಿದ್ರೆ ಅದು ಬೇರೆ ಮಾತು, ಅವತ್ತೇ ತೋರಿಸಿ.

ಮಾರ್ಗದರ್ಶಿ
ಒಂದು ತೂಕದ ಮೆಷಿನ್ ತಗೊಳ್ಳಿ. ಬೆಳಿಗ್ಗೆ ಮೂತ್ರ ಮಾಡಿ ಬಂದು, ತಿಂಡಿಗೆ ಮುಂಚೆ, ತೂಕ ಬರೆದಿಡಿ. ದಿನಕ್ಕೆ 1 ಕೆ.ಜಿ. ಅಥವಾ ವಾರಕ್ಕೆ 2 ಕೆ.ಜಿ. ಏರಿದ್ರೆ ಮೈಯಲ್ಲಿ ನೀರು ನಿಲ್ತಿದೆ, ಡಾಕ್ಟರಿಗೆ ಫೋನ್ ಮಾಡಿ. ಜ್ವರ 100.4 ದಾಟಿದ್ರೆ, ಗಾಯದಿಂದ ಕೀವು ಬಂದ್ರೆ, ಮಗ್ಗುಲಾಗುವಾಗ ಎದೆಮೂಳೆ ಲಟಕ್ ಅಂದ್ರೆ, ಎದೆಬಡಿತ ತಾಳ ತಪ್ಪಿದ್ರೆ ಅವತ್ತೇ ಆಸ್ಪತ್ರೆಗೆ. ಮಲಗಿದ್ರೆ ಉಸಿರು ಕಟ್ಟುತ್ತೆ ಅಂದ್ರೆ ಅಥವಾ ಎದೆನೋವು ಬಂದ್ರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.