ಒಂಬತ್ತು ತಿಂಗಳ ಚುಚ್ಚುಮದ್ದನ್ನು ಮುಂದೂಡಬಹುದೇ?

ಪುಟ್ಟಿಯ ಅಮ್ಮ, ಡೊಂಬಿವಲಿ
ಮಗಳಿಗೆ ಮೊನ್ನೆ ಒಂಬತ್ತು ತಿಂಗಳು ತುಂಬಿತು. ಕಾರ್ಡಿನಲ್ಲಿ ಮುಂದಿನದು ದಡಾರ-ರುಬೆಲ್ಲಾ, ಅಂದರೆ ಎಂಆರ್. ಇಲ್ಲಿಯವರೆಗಿನ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಹಾಕಿಸಿದ್ದೇನೆ. ಇದಕ್ಕೆ ಮಾತ್ರ ಮನಸ್ಸು ಹಿಂಜರಿಯುತ್ತಿದೆ. ನಮ್ಮ ಕಟ್ಟಡದ ಹೆಂಗಸರ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂದಿದೆ. ಎಂಎಂಆರ್ ಎಂಬ ಇಂಥದೇ ಲಸಿಕೆ ಹಾಕಿಸಿದ ಮೇಲೆ ಮಾತು ನಿಂತುಹೋಯಿತು ಎಂದು ಬಿಳಿ ಕೋಟಿನವರೊಬ್ಬರು ಒಂದು ಮಗುವನ್ನು ತೋರಿಸುತ್ತಾರೆ. ತಾಯಿ ಹೆಸರು ಹಿಡಿದು ಕರೆಯುತ್ತಲೇ ಇರುತ್ತಾಳೆ, ಮಗು ತಿರುಗುವ ಫ್ಯಾನನ್ನೇ ನೋಡುತ್ತಿರುತ್ತದೆ. ರಾತ್ರಿ ಮೂರು ಸಲ ನೋಡಿದೆ. ಬೆಳಗಾಗುವಷ್ಟರಲ್ಲಿ ಅಂಥವೇ ಇನ್ನೂ ಹತ್ತು ವಿಡಿಯೊ ತಾವಾಗಿ ಮೊಬೈಲಿಗೆ ಬಂದು ಕೂತಿದ್ದವು. ಎರಡು ವರ್ಷವಾಗಲಿ, ಮಾತು ಬರಲಿ, ಆಮೇಲೆ ಹಾಕಿಸೋಣ ಎನ್ನುತ್ತಾರೆ ಯಜಮಾನರು. ಕಾದರೆ ತೊಂದರೆಯೇ? ಮಗುವಿಗೆ ಸ್ವಲ್ಪ ನೆಗಡಿಯೂ ಇದೆ. ತಿಳಿದವರು ಹೇಳಿ.

ಪೊವಾಯಿ ಇಂಜಿನಿಯರ್
ಕಾಯಬೇಡಿ. ಲಸಿಕೆಯಿಂದ ಆಟಿಸಂ, ಅಂದರೆ ಮಾತು ಮತ್ತು ಒಡನಾಟ ಕಷ್ಟವಾಗುವ ಬೆಳವಣಿಗೆಯ ತೊಂದರೆ, ಬರುತ್ತದೆ ಎಂಬ ಈ ಕಥೆ ಹುಟ್ಟಿದ್ದು 1998ರಲ್ಲಿ, ಆಂಡ್ರೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ 'ದ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ. ಅದರಲ್ಲಿ ಇದ್ದವರು 12 ಮಕ್ಕಳು. 2010ರಲ್ಲಿ ಪತ್ರಿಕೆಯೇ ಆ ಲೇಖನವನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ಅವನ ಹೆಸರನ್ನು ವೈದ್ಯರ ಪಟ್ಟಿಯಿಂದ ಅಳಿಸಿದರು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಎಂಆರ್‌ಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. ಆಟಿಸಂ ಕಣ್ಣಿಗೆ ಬೀಳುವ ವಯಸ್ಸೂ ಈ ಚುಚ್ಚುಮದ್ದಿನ ವಯಸ್ಸೂ ಹತ್ತಿರ ಹತ್ತಿರ. ಹಾಗಾಗಿ ಒಂದರಿಂದ ಇನ್ನೊಂದು ಆಯಿತೆಂದು ತೋರುತ್ತದೆ. ಓದದವರು ನಂಬಿದರೆ ಅದು ಬೇರೆ ಮಾತು. ಓದಿದವರು ನಂಬುವುದು ನಾಚಿಕೆಗೇಡು.

ಥಾಣೆಯ ತಂದೆ
'ನಾಚಿಕೆಗೇಡು'. ಒಂಬತ್ತು ತಿಂಗಳ ಕೂಸಿನ ತಾಯಿ ಭಯದಿಂದ ಕೇಳಿದ್ದಕ್ಕೆ ಇದು ಉತ್ತರವೇ? ಹೀಗೆ ಬಾಯಿ ಮುಚ್ಚಿಸುವುದರಿಂದಲೇ ಜನ ವಾಟ್ಸ್ಆ್ಯಪ್ ಕಡೆಗೆ ಹೋಗುತ್ತಾರೆ. ಅಲ್ಲಿ ಯಾರೂ ಬೈಯುವುದಿಲ್ಲ. ಅನುಮಾನಕ್ಕೆ ಕಾರಣಗಳೂ ಇವೆ. ಆಗ ಆಂಧ್ರದಲ್ಲಿದ್ದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದಾಗ ಖಮ್ಮಂನ ಎಷ್ಟೋ ಹಾಸ್ಟೆಲ್ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಹೆತ್ತವರ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಅದನ್ನು ನಿಲ್ಲಿಸಿದರು, 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೇ ಕಟುವಾಗಿ ಬರೆಯಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನು ನಿಮ್ಮ ಡೆನ್ಮಾರ್ಕ್ ಲೆಕ್ಕ ಎಂಎಂಆರ್‌ನದು. ಈ ತಾಯಿ ಕೇಳಿದ್ದು ಎಂಆರ್ ಬಗ್ಗೆ.

ಪೊವಾಯಿ ಇಂಜಿನಿಯರ್
ಎಂಎಂಆರ್‌ನಲ್ಲಿ ಇರುವ ಮೂರರಲ್ಲಿ ಮಂಗನಬಾವಿನ ಭಾಗವನ್ನು ಬಿಟ್ಟರೆ ಅದೇ ಎಂಆರ್. ಮೂರು ಇದ್ದಾಗ ಬಾರದ ಆಟಿಸಂ ಎರಡಕ್ಕೆ ಬರುತ್ತದೆಯೇ? ಆ ತೀರ್ಪು ಕೋವಿಡ್ ಲಸಿಕೆಯದು. ಖಮ್ಮಂನಲ್ಲಿ ತಪ್ಪಿದ್ದು ಒಪ್ಪಿಗೆ ಪಡೆದ ರೀತಿ. ಅದನ್ನು ತಂದು ದಡಾರಕ್ಕೆ ಗಂಟು ಹಾಕಬೇಡಿ.

ಮಾಟುಂಗಾದ ಹಳಬ
ನನಗೀಗ ಎಪ್ಪತ್ತೆರಡು. ದಡಾರದ ಬಗ್ಗೆ ಇಷ್ಟು ಗಾಬರಿ ಏಕೆಂದು ತಿಳಿಯುತ್ತಿಲ್ಲ. ನಮ್ಮ ಮನೆಯಲ್ಲಿ ಐದು ಮಕ್ಕಳಿಗೂ ಒಟ್ಟಿಗೇ ಬಂದಿತ್ತು. ತಾಯಿ ಚಾಪೆಯ ಮೇಲೆ ಬೇವಿನ ಸೊಪ್ಪು ಹಾಸಿ ಮಲಗಿಸಿದರು, ಕೆರೆತ ಬಂದಲ್ಲೆಲ್ಲ ಬೇವಿನ ಗೊಂಚಲಿನಿಂದ ಸವರಿದರು, ಒಗ್ಗರಣೆ ಹಾಕಲಿಲ್ಲ, ಗುಳ್ಳೆಯ ನೀರು ಆರಿ ಹೊಪ್ಪಳೆ ಉದುರಿದ ಮೇಲೆ ತಲೆಗೆ ನೀರು ಹಾಕಿದರು. ಐವರೂ ಗಟ್ಟಿಮುಟ್ಟಾಗಿ ಬೆಳೆದೆವು. ಬಂದು ಹೋಗುವ ರೋಗಕ್ಕೆ ಹಸುಗೂಸನ್ನು ಚುಚ್ಚುವ ಮೊದಲು ಹತ್ತು ಸಲ ಯೋಚಿಸುವುದರಲ್ಲಿ ತಪ್ಪಿಲ್ಲ.

ವಿಜಯಪುರದವಳು, ಮುಲುಂಡ್
ಕಾಕಾ, 'ಗುಳ್ಳೆಯ ನೀರು' ಎಂದಿರಿ. ದಡಾರದಲ್ಲಿ ನೀರುಗುಳ್ಳೆ ಏಳುವುದಿಲ್ಲ. ನಿಮಗೆ ಬಂದಿದ್ದು ಚಿಕನ್‌ಪಾಕ್ಸ್. ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತೇವೆ, ಇಲ್ಲಿನ ಮರಾಠಿಯವರು ಗೋವರ್ ಎನ್ನುತ್ತಾರೆ. ಎರಡೂ ಬೇರೆ ಬೇರೆ ಬೇನೆ.

ಮಾಟುಂಗಾದ ಹಳಬ
ನಮ್ಮ ಮನೆಯ ರೋಗಕ್ಕೆ ನೀವು ಹೆಸರಿಡುತ್ತೀರೇನಮ್ಮ? ನನ್ನ ತಾಯಿ ದಡಾರ ಎಂದೇ ಹೇಳಿದ್ದರು. ಹತ್ತು ಹೆತ್ತು ಐದನ್ನು ಉಳಿಸಿಕೊಂಡವರು ಅವರು. ಅವರಿಗೆ ತಿಳಿಯದ್ದು ನಿಮಗೆ ತಿಳಿಯಿತೇ?

ಕಾರ್ಕಳದವ, ಅಂಧೇರಿ
ನಮ್ಮ ಊರಿನಲ್ಲಿ ನೀರುಗುಳ್ಳೆ ಎದ್ದರೆ ಕೋಟ್ಲೆ ಎನ್ನುತ್ತಾರೆ. ಬೇವು ಹಾಸುವುದು ಅದಕ್ಕೇ. ದಡಾರಕ್ಕೂ ಹಾಸುತ್ತಿದ್ದರು ಎನ್ನುವವರನ್ನೂ ಕಂಡಿದ್ದೇನೆ. ಆದ್ದರಿಂದ ಬೇವಿನಿಂದ ಇಂಥದೇ ರೋಗವೆಂದು ತೀರ್ಮಾನಿಸಲು ಆಗುವುದಿಲ್ಲ.

ವಿಜಯಪುರದವಳು, ಮುಲುಂಡ್
ನಾನು ಬೇವಿನಿಂದ ಹೇಳಲಿಲ್ಲ ಅಣ್ಣ, ಗುಳ್ಳೆಯಿಂದ ಹೇಳಿದೆ. ಗೊಬ್ಬರ ಬರುವಾಗ ಮೊದಲು ಮೂರು ನಾಲ್ಕು ದಿನ ಜ್ವರ, ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪಗಾಗುವುದು. ಆಮೇಲೆ ಕಿವಿಯ ಹಿಂದಿನಿಂದ ಕೆಂಪು ಕಲೆ ಹೊರಟು ಮುಖ, ಮೈ, ಕಾಲಿಗೆ ಇಳಿಯುತ್ತದೆ. ಸವರಿದರೆ ಕೈಗೆ ರವೆ ತಗಲಿದಂತೆ ಇರುತ್ತದೆ, ನೀರು ಇರುವುದಿಲ್ಲ. ಇದು ನನಗೆ ಹೇಗೆ ಗೊತ್ತೆಂದರೆ ನನ್ನ ತಮ್ಮ ಗೊಬ್ಬರದಲ್ಲಿಯೇ ಹೋದ. ಒಂದೂವರೆ ವರ್ಷದವನು. ಕಲೆ ಮಾಯುತ್ತ ಬಂದಿತ್ತು, ಇನ್ನೇನು ಗುಣವಾಯಿತು ಎಂದು ಅವ್ವ ಗಂಜಿ ಕುಡಿಸಿದ್ದಳು. ಮರುದಿನ ಉಸಿರು ಎಳೆಯತೊಡಗಿದ. ಎದೆಯ ಪಕ್ಕೆಗಳು ಒಳಗೆ ಹೋಗುತ್ತಿದ್ದವು. ತಾಲೂಕಿನ ದವಾಖಾನೆ ಮುಟ್ಟಲಿಲ್ಲ.

ಮಾಟುಂಗಾದ ಹಳಬ
ನಿಮ್ಮ ದುಃಖಕ್ಕೆ ನಾನು ಎದುರಾಡುವುದಿಲ್ಲ. ಆದರೆ ಆಗ ಬಡತನವಿತ್ತು, ಆಸ್ಪತ್ರೆ ದೂರವಿತ್ತು. ಸತ್ತಿದ್ದು ದಡಾರದಿಂದಲ್ಲ, ನ್ಯುಮೋನಿಯಾದಿಂದ.

ವಿಜಯಪುರದವಳು, ಮುಲುಂಡ್
ನ್ಯುಮೋನಿಯಾ ಎಲ್ಲಿಂದ ಬಂತು? ದಡಾರ ಕೊಲ್ಲುವುದೇ ಹಾಗೆ. ದಯವಿಟ್ಟು ಈ ಮಾತನ್ನು ಇನ್ನೊಮ್ಮೆ ಬರೆಯಬೇಡಿ.

ಥಾಣೆಯ ತಂದೆ
ಬಡತನದ ಮಾತು ಸರಿಯಾಗಿಯೇ ಇದೆ. 2022ರಲ್ಲಿ ಮುಂಬೈಯಲ್ಲಿ ದಡಾರ ಎದ್ದಾಗ ಮಕ್ಕಳು ಸತ್ತಿದ್ದು ಗೋವಂಡಿಯಂಥ ಕಡೆ, ಪೊವಾಯಿಯ ಗೋಪುರಗಳಲ್ಲಿ ಅಲ್ಲ. ಅಲ್ಲಿಗೆ ಬೇಕಾದದ್ದು ನೀರು, ಗಾಳಿ, ಊಟ.

ನಿವೃತ್ತ ಸಿಸ್ಟರ್, ಗೋರೆಗಾಂವ್
ಗೋವಂಡಿಯ ಹೆಸರು ಬಂದಿದ್ದರಿಂದ ಬರೆಯುತ್ತಿದ್ದೇನೆ. ಆ ವರ್ಷದ ನವೆಂಬರಿನಲ್ಲಿ ಅಲ್ಲಿನ ಮನೆಗಳ ಏಣಿಗಳನ್ನು ಹತ್ತಿ ಇಳಿದವಳು ನಾನು. ಕತ್ತಲೆ ಕೋಣೆಯಲ್ಲಿ ಒಂದು ಮಗು ಮಲಗಿತ್ತು, ಬೆಳಕು ಬಿದ್ದರೆ ಚೀರುತ್ತಿತ್ತು. ರೆಪ್ಪೆ ಕೀವಿನಿಂದ ಅಂಟಿಕೊಂಡಿತ್ತು. ತಾಯಿ ಒದ್ದೆ ಬಟ್ಟೆಯಿಂದ ಒರೆಸಿ ಬಿಡಿಸುತ್ತಿದ್ದಳು, ಮತ್ತೆ ಅಂಟುತ್ತಿತ್ತು. ಆ ಮನೆಯವರು ಓದದವರೆಂದು ಲಸಿಕೆ ತಪ್ಪಿಸಿರಲಿಲ್ಲ. ಲಾಕ್‌ಡೌನಿನಲ್ಲಿ ಊರಿಗೆ ಹೋದರು, ಕಾರ್ಡು ಕಳೆಯಿತು, ವಾಪಸು ಬಂದ ಮೇಲೆ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲಲು ಆಗಲಿಲ್ಲ. ವಿಡಿಯೊ ನೋಡಿ ಬಾಗಿಲು ಹಾಕಿಕೊಂಡವರೂ ಇದ್ದರು. 'ಮಗು ಹುಟ್ಟದಂತೆ ಮಾಡುತ್ತೀರಿ' ಎಂದು ಮುಖಕ್ಕೇ ಹೇಳಿದರು. ಒಂಬತ್ತು ತಿಂಗಳಾಗದ ಕೂಸುಗಳಿಗೂ ರೋಗ ತಗಲಿದ್ದರಿಂದ ಆರು ತಿಂಗಳಿಗೇ ಒಂದು ಹೆಚ್ಚಿನ ಡೋಸ್ ಕೊಡಬೇಕಾಯಿತು. ಊಟವೂ ಬೇಕು, ಗಾಳಿಯೂ ಬೇಕು. ಆದರೆ ಒಬ್ಬ ದಡಾರದ ರೋಗಿಯಿಂದ, ಯಾರಿಗೂ ರಕ್ಷಣೆ ಇಲ್ಲದ ಕಡೆ, 12ರಿಂದ 18 ಮಂದಿಗೆ ಹರಡುತ್ತದೆ. ಲೋಕಲ್ ರೈಲಿನಲ್ಲಿ ಗೋವಂಡಿಗೂ ಡೊಂಬಿವಲಿಗೂ ಬೇರೆ ಗಾಳಿ ಇಲ್ಲ.

ಥಾಣೆಯ ತಂದೆ
'ಹೆಚ್ಚಿನ ಡೋಸ್ ಕೊಡಬೇಕಾಯಿತು'. ಅಂದರೆ ಮೊದಲಿನ ಕ್ರಮ ಸಾಲದಾಯಿತು ಎಂದು ನೀವೇ ಒಪ್ಪಿದಂತಾಯಿತು. ಸಿಸ್ಟರ್, ಸಮೋವಾ ದ್ವೀಪದಲ್ಲಿ 2018ರಲ್ಲಿ ಎಂಎಂಆರ್ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಎರಡು ಶಿಶುಗಳು ಸತ್ತವು. ಇದನ್ನೂ ತಾಯಂದಿರಿಗೆ ಹೇಳುತ್ತೀರಾ?

ನಿವೃತ್ತ ಸಿಸ್ಟರ್, ಗೋರೆಗಾಂವ್
ಹೇಳುತ್ತೇನೆ, ಪೂರ್ತಿ ಹೇಳುತ್ತೇನೆ. ಲಸಿಕೆ ಸೀಸೆಯಲ್ಲಿ ಪುಡಿಯಾಗಿರುತ್ತದೆ, ಅದಕ್ಕೆಂದೇ ಬರುವ ನೀರನ್ನು ಬೆರೆಸಬೇಕು. ಅಲ್ಲಿ ನೀರಿನ ಬದಲು ಸ್ನಾಯು ಸಡಿಲಿಸುವ ಔಷಧಿಯನ್ನು ಬೆರೆಸಿದ್ದರು. ದಾದಿಯರಿಬ್ಬರಿಗೆ ಜೈಲಾಯಿತು. ಆದರೆ ಭಯದಿಂದ ಲಸಿಕೆ ನಿಂತಿತು. 2019ರಲ್ಲಿ ದಡಾರ ಬಂದು, ಎರಡು ಲಕ್ಷ ಜನರಿರುವ ಆ ದೇಶದಲ್ಲಿ 83 ಜನ ಸತ್ತರು, ಹೆಚ್ಚಿನವರು ಪುಟ್ಟ ಮಕ್ಕಳು. ನೀವು ಎರಡರ ಲೆಕ್ಕ ಕೊಟ್ಟಿರಿ, 83ರ ಲೆಕ್ಕ ಬಿಟ್ಟಿರಿ. ಪುಟ್ಟಿಯ ಅಮ್ಮ, ನೀವು ಹೋದಾಗ ಸೀಸೆಯ ಮೇಲೆ ಒಡೆದ ಹೊತ್ತು ಬರೆದಿದೆಯೇ ನೋಡಿ. ಬೆರೆಸಿದ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಕೇಳುವುದು ನಿಮ್ಮ ಹಕ್ಕು.

ಮಾಟುಂಗಾದ ಹಳಬ
ಪರೇಲಿನ ಹಾಫ್ಕಿನ್ ಸಂಸ್ಥೆ ಯಾರ ಹೆಸರಿನದೆಂದು ಗೊತ್ತಲ್ಲ. ಪ್ಲೇಗಿನ ಲಸಿಕೆಯನ್ನು 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡವನು ಅವನು. ಈಗ ಉಪದೇಶ ಮಾಡುವವರು ಹಾಗೆ ಮಾಡುತ್ತಾರೆಯೇ?

ನಿವೃತ್ತ ಸಿಸ್ಟರ್, ಗೋರೆಗಾಂವ್
ನನ್ನ ಮೊಮ್ಮಗನಿಗೆ ನಾನೇ ಚುಚ್ಚಿದ್ದೇನೆ. ಬಲ ತೋಳಿಗೆ.

ಪೊವಾಯಿ ಇಂಜಿನಿಯರ್
ಇನ್ನೇನು ಬೇಕು? ಚರ್ಚೆ ಇಲ್ಲಿಗೆ ಮುಗಿಯಿತು.

ಥಾಣೆಯ ತಂದೆ
ಮುಗಿಸಲು ನೀವು ಯಾರು? ಹಾಕಿಸಬೇಡಿ ಎಂದು ನಾನು ಒಮ್ಮೆಯೂ ಬರೆದಿಲ್ಲ. ನನ್ನ ಮಗನಿಗೆ ಚುಚ್ಚುಮದ್ದಿನ ನಂತರ ಜ್ವರ ಏರಿ ಕೈಕಾಲು ಸೆಟೆದುಕೊಂಡಿದ್ದವು. 'ಏನೂ ಆಗುವುದಿಲ್ಲ' ಎಂದು ಕಳುಹಿಸಿದವರು ಆಮೇಲೆ ಫೋನ್ ಎತ್ತಲಿಲ್ಲ. ಆ ರಾತ್ರಿ ರಿಕ್ಷಾದಲ್ಲಿ ಮಗನನ್ನು ಮಡಿಲಲ್ಲಿ ಹಿಡಿದು ಕೂತಿದ್ದವನು ನಾನು, ನಿಮ್ಮ ಡೆನ್ಮಾರ್ಕಿನವರಲ್ಲ.

ನಿವೃತ್ತ ಸಿಸ್ಟರ್, ಗೋರೆಗಾಂವ್
ಇದನ್ನು ನೀವು ಮೊದಲೇ ಬರೆಯಬೇಕಿತ್ತು. ಏನೂ ಆಗುವುದಿಲ್ಲ ಎನ್ನುವುದು ತಪ್ಪು, ನಾನು ಹಾಗೆ ಹೇಳುವುದಿಲ್ಲ. ಎಂಎಂಆರ್‌ನಲ್ಲಿ ಮೂರು ನಾಲ್ಕು ಸಾವಿರ ಡೋಸಿಗೆ ಒಂದರಂತೆ ಜ್ವರದ ಸೆಳೆತ ಬರುವುದುಂಟು, ಸಾಮಾನ್ಯವಾಗಿ ಎರಡನೆಯ ವಾರದಲ್ಲಿ. ನೋಡುವವರ ಜೀವ ಹೋಗುತ್ತದೆ, ಮಗು ಚೇತರಿಸಿಕೊಳ್ಳುತ್ತದೆ. ದಡಾರದ ಜ್ವರಕ್ಕೂ ಸೆಳೆತ ಬರುತ್ತದೆ, ಕೆಲವು ಮಕ್ಕಳಿಗೆ ಮಿದುಳಿನ ಉರಿಯೂತವೂ ಆಗುತ್ತದೆ.

ಥಾಣೆಯ ತಂದೆ
ಆಗ ಯಾರೂ ಹೀಗೆ ಹೇಳಲಿಲ್ಲ. ನಾನು ಹೇಳುತ್ತಿರುವುದೂ ಅಷ್ಟೇ.

ಪುಟ್ಟಿಯ ಅಮ್ಮ, ಡೊಂಬಿವಲಿ
ಗುಳ್ಳೆ, ಬೇವು, ಕೋರ್ಟು ಎಲ್ಲವನ್ನೂ ಓದಿದೆ. ನಾನು ಕೇಳಿದ್ದು ಎರಡೇ ಪ್ರಶ್ನೆ. ನೆಗಡಿ ಇದ್ದರೆ ಹಾಕಿಸಬಹುದೇ? ಎರಡು ವರ್ಷದವರೆಗೆ ಕಾಯಬಹುದೇ?

ನಿವೃತ್ತ ಸಿಸ್ಟರ್, ಗೋರೆಗಾಂವ್
ಜೋರು ಜ್ವರವಿಲ್ಲದ ಸಾಮಾನ್ಯ ನೆಗಡಿಗೆ ನಿಲ್ಲಿಸಬೇಕಾಗಿಲ್ಲ. ಕಾಯಬೇಡಿ. ನಿಮ್ಮಿಂದ ಹೊಟ್ಟೆಯಲ್ಲಿರುವಾಗ ಅವಳಿಗೆ ಬಂದ ರಕ್ಷಣೆ ಈ ಹೊತ್ತಿಗೆ ಕರಗಿರುತ್ತದೆ, ಅದಕ್ಕೇ ಒಂಬತ್ತು ತಿಂಗಳು ಎಂದು ಇಟ್ಟಿದ್ದಾರೆ. ಎರಡನೆಯ ಡೋಸ್ 16ರಿಂದ 24 ತಿಂಗಳೊಳಗೆ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಒಂದು ವಾರ ಕಳೆದ ಮೇಲೆ ಜ್ವರ ಬಂದರೆ ಗಾಬರಿಯಾಗದೆ ವೈದ್ಯರಿಗೆ ಫೋನ್ ಮಾಡಿ.

ಪುಟ್ಟಿಯ ಅಮ್ಮ, ಡೊಂಬಿವಲಿ
ಬುಧವಾರ ಹೋಗುತ್ತೇನೆ ಸಿಸ್ಟರ್. ಯಜಮಾನರಿಗೆ ಇನ್ನೂ ಹೇಳಿಲ್ಲ. ನಿಮ್ಮ ಉತ್ತರವನ್ನು ಅವರಿಗೆ ಓದಿಸುತ್ತೇನೆ, ಥಾಣೆಯವರದನ್ನೂ.

ಮಾಟುಂಗಾದ ಹಳಬ
ಹಾಕಿಸುವುದು ಬಿಡುವುದು ಅವರವರ ಇಷ್ಟ. ನಮ್ಮ ಮನೆಯಲ್ಲಿ ಬಂದಿದ್ದು ಮಾತ್ರ ದಡಾರವೇ.

ವಿಜಯಪುರದವಳು, ಮುಲುಂಡ್
ಕಾಕಾ, ನಿಮ್ಮ ತಾಯಿ ಹತ್ತು ಹೆತ್ತರು, ಐವರು ಉಳಿದಿರಿ ಎಂದು ನೀವೇ ಬರೆದಿದ್ದೀರಿ. ಉಳಿದ ಐದು ಮಕ್ಕಳು ಯಾವುದರಲ್ಲಿ ಹೋದವು?