ಬಾಡಿಗೆ ಮನೆ ಖಾಲಿ ಮಾಡುವ ಮುಂಚೆ ಏನೇನು ತೊಳೆಯಬೇಕು? ಅಡ್ವಾನ್ಸ್ ಪೂರ್ತಿ ವಾಪಸ್ ಪಡೆದವರು ಹೇಳಿ

ಪ್ರಶ್ನೆ, ವಿಜಯನಗರದಿಂದ:
ಬರುವ ತಿಂಗಳು ಮನೆ ಖಾಲಿ ಮಾಡುತ್ತಿದ್ದೇವೆ. ಓನರ್ ಕೆಳಗಡೆಯೇ ಇದ್ದಾರೆ, ಒಳ್ಳೆಯವರೇ. ಆದರೆ ಹಿಂದಿನ ಬಾಡಿಗೆಯವರಿಗೆ ಕ್ಲೀನಿಂಗ್, ರಿಪೇರಿ ಅಂತ ಜಾಸ್ತಿ ಮುರಿದುಕೊಂಡರಂತೆ. ನಾವು ಕೊಟ್ಟಿರುವುದು ಹತ್ತು ತಿಂಗಳ ಅಡ್ವಾನ್ಸ್. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಅಂತ ಅಗ್ರಿಮೆಂಟಿನಲ್ಲೇ ಇದೆ. ಎಲ್ಲಿಂದ ಶುರು ಮಾಡಲಿ?

ಬಸವೇಶ್ವರನಗರದಿಂದ:
ಮೇಡಂ, ಪೇಂಟಿಂಗ್ ದುಡ್ಡು ಹೋಯಿತು ಅಂದುಕೊಳ್ಳಿ. ಬರೆದಾಗಿದೆ, ಗೋಡೆ ಎಷ್ಟು ಚೆನ್ನಾಗಿದ್ದರೂ ಹಿಡಿಯುತ್ತಾರೆ. ಹಾಗಾಗಿ ಮಕ್ಕಳು ಗೀಚಿದ್ದನ್ನು ಸುಮ್ನೆ ಉಜ್ಜುತ್ತಾ ಕೂರಬೇಡಿ. ಮೊಳೆ ತೂತಿಗೆ ಮಾತ್ರ ಪುಟ್ಟಿ ತುಂಬಿಬಿಡಿ, ಇಲ್ಲದಿದ್ದರೆ ಅದಕ್ಕೆ ಬೇರೆ ಲೆಕ್ಕ ಬರುತ್ತದೆ.

ಇನ್ನೊಂದು ಮಾತು. ಕೊನೇ ದಿನ ತೊಳೆದರಾಯಿತು ಅಂತ ಬಿಡಬೇಡಿ, ಟು-ಲೆಟ್ ಬೋರ್ಡ್ ಹಾಕುವ ಮುಂಚೆಯೇ ತೊಳೆಯಿರಿ. ಯಾಕೆಂದರೆ ಎಷ್ಟೋ ಓನರುಗಳ ಹತ್ತಿರ ನಮ್ಮ ಅಡ್ವಾನ್ಸ್ ಹಾಗೇ ಇರುವುದಿಲ್ಲ, ಮನೆ ಕಟ್ಟಿದ ಸಾಲಕ್ಕೋ ಮಗಳ ಮದುವೆಗೋ ಹೋಗಿರುತ್ತದೆ, ಹೊಸದಾಗಿ ಬರುವವರು ಕೊಟ್ಟ ದುಡ್ಡಿನಲ್ಲೇ ನಮ್ಮದನ್ನು ಕೊಡುವುದು. ನೋಡಲು ಬಂದವರು ಬಾತ್‌ರೂಮ್ ಬಾಗಿಲು ತೆಗೆದು ಮೂಗು ಮುರಿದು ಹೋದರೆ ನಿಮ್ಮ ದುಡ್ಡೂ ಅಷ್ಟು ತಡ. ನಮ್ಮ ಮನೆ ಬೇಗ ಹೋಯಿತು, ಕೀ ಕೊಟ್ಟ ದಿನವೇ ಹಣ ಬಂತು.

ಬಾತ್‌ರೂಮಿನಲ್ಲಿ ದೊಡ್ಡ ತಲೆನೋವು ಬೋರ್ ನೀರಿನ ಬಿಳಿ ಕಲೆ. ನಲ್ಲಿ, ಶವರಿಗೆ ವಿನೆಗರಿನಲ್ಲಿ ನೆನೆಸಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಿ, ಆಮೇಲೆ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ನೀರು ಹಾಕಿ ತೊಳೆಯಿರಿ. ಟೈಲ್ಸಿಗೂ ಅದೇ. ಆದರೆ ಮಾರ್ಬಲ್, ಮೊಸಾಯಿಕ್, ರೆಡ್ ಆಕ್ಸೈಡ್ ನೆಲಕ್ಕೆ ವಿನೆಗರ್, ನಿಂಬೆಹಣ್ಣು, ಆಸಿಡ್ ಯಾವುದೂ ಬೇಡ. ಹೊಳಪು ಹೋದರೆ ಮತ್ತೆ ಪಾಲಿಶ್ ಮಾಡಿಸದೆ ವಾಪಸ್ ಬರುವುದಿಲ್ಲ, ಆಗ ನಿಜವಾಗಿಯೂ ದುಡ್ಡು ಕಟ್ಟಬೇಕಾಗುತ್ತದೆ.

ಮೈಸೂರಿನಿಂದ:
ಮೇಲಿನವರು ಆಸಿಡ್ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಹಾಕಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಅಪಾಯ.

ದೇವರ ಮನೆ ಮರೆಯಬೇಡಿ. ದೀಪದ ಮಸಿ, ಎಣ್ಣೆ ಜಿಡ್ಡು, ಹೊಸ್ತಿಲ ಅರಿಶಿನ ಕುಂಕುಮ ಎಲ್ಲ ಒಂದೇ ಸಲಕ್ಕೆ ಹೋಗುವುದಿಲ್ಲ. ಮೊದಲು ಒಣ ಬಟ್ಟೆಯಲ್ಲಿ ಎಣ್ಣೆ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಿಸಿ ನೀರಲ್ಲಿ ಉಜ್ಜಿ. ಬಾತ್‌ರೂಮ್ ಕನ್ನಡಿಗೆ ಅಂಟಿಸಿದ ಬೊಟ್ಟುಗಳನ್ನೂ ಕೀಳಿ. (ಎಲ್ಲರ ಮನೆಯಲ್ಲೂ ಇರುತ್ತವೆ, ಅಲ್ವಾ?)

ಓನರ್ ಒಬ್ಬರಿಂದ:
ಬೈಯಬೇಡಿ, ನಾನು ಆ ಕಡೆಯವನು. ಖಾಲಿ ಮಾಡುವಾಗ ನಾನು ನೋಡುವುದು ಸಿಂಕಿನ ಕೆಳಗೆ, ಎಕ್ಸಾಸ್ಟ್ ಫ್ಯಾನ್, ಚಿಮಣಿ, ಮತ್ತೆ ಅಟ್ಟ. ಚಿಮಣಿಯ ಸ್ಟೀಲ್ ಫಿಲ್ಟರ್ ಆದರೆ ಬಿಸಿ ನೀರು, ವಾಷಿಂಗ್ ಸೋಡಾದಲ್ಲಿ ನೆನೆಸಿ. ಅಲ್ಯೂಮಿನಿಯಂ ಜಾಲರಿಗೆ ಸೋಡಾ ಬೇಡ, ಕಪ್ಪಾಗುತ್ತದೆ. ಅಟ್ಟದಲ್ಲಿ ಹಳೇ ಹಾಸಿಗೆ, ಮುರಿದ ಕುರ್ಚಿ ಬಿಟ್ಟು ಹೋದರೆ ಸಾಗಿಸುವ ಖರ್ಚು ನಾನಂತೂ ಹಿಡಿಯುತ್ತೇನೆ. ಧೂಳಿಗೆ ಯಾವತ್ತೂ ದುಡ್ಡು ಹಿಡಿದಿಲ್ಲ. ಕರೆಂಟ್ ಬಿಲ್ ಕಟ್ಟಿ ರಸೀದಿ ಕೊಟ್ಟರೆ ಅರ್ಧ ಮಾತು ಮುಗಿದಂತೆ.

ಹುಬ್ಬಳ್ಳಿಯಿಂದ:
ಓನರ್ ಸಾಹೇಬರು ಚಲೋ ಹೇಳಿದರು, ಆದರೆ ಎಲ್ಲರೂ ಹಾಗಿರುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಓದಿ. ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು, ಆದರೆ ದಿನಬಳಕೆಯಿಂದ ಸಹಜವಾಗಿ ಸವೆದಿದ್ದು ಬಾಡಿಗೆದಾರನ ಮೇಲೆ ಬರುವುದಿಲ್ಲ ಅಂತಿದೆ. ಅಗ್ರಿಮೆಂಟಿನಲ್ಲಿ ಬೇರೆ ಥರ ಬರೆದಿದ್ದರೆ ಅದೇ ನಡೆಯುತ್ತದೆ, ಅದಕ್ಕೇ ಆ ಕಾಗದ ತೆಗೆದು ಇನ್ನೊಮ್ಮೆ ಓದಿ. ತೊಳೆದ ಮೇಲೆ ನಲ್ಲಿ ಬಿಟ್ಟು, ಲೈಟ್ ಹಾಕಿ, ಗೀಸರ್ ಆನ್ ಮಾಡಿ ಒಂದೊಂದು ರೂಮಿನ ವಿಡಿಯೋ ಮಾಡಿ ಓನರಿಗೆ ವಾಟ್ಸಾಪ್ ಮಾಡಿ.

ವಿಜಯನಗರದಿಂದ:
ಎಲ್ಲರಿಗೂ ಥ್ಯಾಂಕ್ಸ್. ಮಲಗುವ ಕೋಣೆಯ ಒಂದು ಗೋಡೆ ತೇವ ಹಿಡಿದು ಕಪ್ಪಾಗಿದೆ. ಮೇಲಿನ ಮನೆಯ ಬಾತ್‌ರೂಮ್ ಸರಿಯಾಗಿ ಅದರ ನೆತ್ತಿಯ ಮೇಲಿದೆ. ಅದನ್ನೂ ನಾವೇ ಉಜ್ಜಬೇಕಾ?

ಬಸವೇಶ್ವರನಗರದಿಂದ:
ಬೇಡ ಮೇಡಂ, ಮುಟ್ಟಲೇಬೇಡಿ. ಉಜ್ಜಿದರೆ ಪೇಂಟ್ ಕಿತ್ತು ಬಂದು ನೀವೇ ಹಾಳು ಮಾಡಿದ ಹಾಗೆ ಕಾಣುತ್ತದೆ. ಇವತ್ತೇ ಫೋಟೋ ತೆಗೆದು "ಮೇಲಿಂದ ನೀರು ಇಳಿಯುತ್ತಿದೆ, ಒಮ್ಮೆ ಬಂದು ನೋಡಿ ಅಂಕಲ್" ಅಂತ ಮೆಸೇಜ್ ಹಾಕಿ. ಲೆಕ್ಕದ ಮಾತು ಶುರುವಾದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.